ಮೇಲಿನ ಕೆರೆ ಕೋಡಿ ಹರಿದ ಸುದ್ದಿ ಕೆಳಗಿನ ಊರಿಗೆ ಮೊದಲೇ ಮುಟ್ಟಬೇಕು: ಗ್ರಾಮ ಮಟ್ಟದ ಪ್ರವಾಹ ನಕ್ಷೆ ಮತ್ತು ಮುನ್ಸೂಚನೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಪ್ರವಾಹದ ಮಾತೆತ್ತಿದರೆ ಇಂದಿಗೂ ಹಲವರು ಅಚ್ಚರಿಪಡುತ್ತಾರೆ. ವರ್ಷಕ್ಕೆ 600ರಿಂದ 750 ಮಿ.ಮೀ. ಆಸುಪಾಸು ಮಳೆ ಕಾಣುವ ಸೀಮೆ ಇದು; ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳು ಇಲ್ಲಿವೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ಜಯಮಂಗಲಿ ಎಂದು ಹೆಸರು ಹೇಳಿಕೊಳ್ಳಲು ನದಿಗಳಿದ್ದರೂ ವರ್ಷದ ಬಹುಪಾಲು ಅವುಗಳ ಒಡಲಲ್ಲಿ ಮರಳು ಮತ್ತು ಜಾಲಿ ಗಿಡಗಳೇ ಕಾಣುತ್ತವೆ. ನಮ್ಮಲ್ಲಿ ನೆರೆ ಬರುವುದು ನದಿಯಿಂದಲ್ಲ, ಕೆರೆಗಳ ಸರಣಿಯಿಂದ. ಮೇಲಿನ ಕೆರೆ ತುಂಬಿ ಕೋಡಿ ಹರಿದು, ಅದರ ನೀರು ಕೆಳಗಿನ ಕೆರೆಯನ್ನು ತುಂಬಿ, ಎಲ್ಲೋ ಒಂದು ಕಡೆ ಏರಿ ಕಿತ್ತುಹೋದರೆ, ಅದರ ಕೆಳಗಿರುವ ಎಲ್ಲ ಕೆರೆಗಳ ಮೇಲೂ ಆ ಭಾರ ಒಮ್ಮೆಗೇ ಬೀಳುತ್ತದೆ.

2021ರ ನವೆಂಬರ್ 19ರ ಬೆಳಗಿನ ಜಾವ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವು ಪುದುಚೇರಿ ಮತ್ತು ಚೆನ್ನೈ ನಡುವೆ ದಡ ದಾಟಿತು. ಆ ದಿನಗಳ ಮಳೆಯಲ್ಲಿ ಒಂದು ರಾತ್ರಿ ನಮ್ಮೂರಿನ ಮೇಲಿನ ಕೆರೆ ಕೋಡಿ ಹರಿದದ್ದು ಹನ್ನೊಂದು ಗಂಟೆಗೆ. ನಮ್ಮೂರ ಅಚ್ಚುಕಟ್ಟಿನ ಅಂಚಿನ ಮನೆಗಳಿಗೆ ನೀರು ನುಗ್ಗಿದ್ದು ಒಂದೂವರೆಗೆ. ಎಚ್ಚರಿಕೆಯ ಸಂದೇಶ ಮೊಬೈಲಿಗೆ ಬಂದದ್ದು ಬೆಳಿಗ್ಗೆ ಆರೂವರೆಗೆ. ಮೇಲಿನ ಊರಿನ ನಾಲ್ಕು ಜನ ಟಾರ್ಚ್ ಹಿಡಿದುಕೊಂಡು ಕೋಡಿಯ ಬಳಿಯೇ ನಿಂತಿದ್ದರೆಂದು ನಮಗೆ ತಿಳಿದದ್ದು ಆಮೇಲೆ; ಅವರಲ್ಲಿ ಯಾರ ಬಳಿಯೂ ನಮ್ಮೂರಿನ ಒಬ್ಬರ ನಂಬರೂ ಇರಲಿಲ್ಲ. ಎರಡೂವರೆ ಗಂಟೆಯ ಆ ಅವಕಾಶ ಹೀಗೆ ಕೈಬಿಟ್ಟುಹೋಯಿತು. ಅಂಥ ಅವಕಾಶವನ್ನು ಮುಂದೆ ಕಳೆದುಕೊಳ್ಳದಿರುವುದು ಹೇಗೆಂಬುದೇ ಈ ಲೇಖನದ ವಿಷಯ. ಇದರಲ್ಲಿ ಬಳಸುವ ತಂತ್ರಾಂಶಗಳೂ ಉಪಗ್ರಹ ಚಿತ್ರಗಳೂ ಬಹುಪಾಲು ಉಚಿತವಾಗಿ ಸಿಗುತ್ತವೆ; ಕಂಪ್ಯೂಟರ್ ಬಲ್ಲ ಇಬ್ಬರು ಯುವಕರು, ಊರಿನ ಹಿರಿಯ ನೀರುಗಂಟಿ (ಕೆರೆ ನೀರಿನ ಉಸ್ತುವಾರಿ ನೋಡುವವರು) ಮತ್ತು ಒಂದು ಗ್ರಾಮ ಪಂಚಾಯಿತಿ ಸೇರಿದರೆ ಒಂದು ಬೇಸಿಗೆಯಲ್ಲಿ ಈ ಕೆಲಸ ಮುಗಿಯುತ್ತದೆ.

ಮೊದಲ ಹೆಜ್ಜೆ: ಕೆರೆ ಸರಣಿಯನ್ನು ಗುರುತಿಸುವುದು

ನಕ್ಷೆಯನ್ನು ನಿಮ್ಮ ಊರಿನಿಂದ ಆರಂಭಿಸಬೇಡಿ. ನಿಮ್ಮ ಕೆರೆಗೆ ನೀರು ಬರುವ ದಾರಿಯಲ್ಲಿ ಮೇಲಕ್ಕೆ ನಡೆಯಿರಿ. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ಭೂಪಟದಲ್ಲಿ ಹಳ್ಳಗಳೂ ಕೆರೆಗಳೂ ಇರುತ್ತವೆ. ಭೂದಾಖಲೆ ಇಲಾಖೆಯ ಗ್ರಾಮ ನಕ್ಷೆಯಲ್ಲಿ ರಾಜಕಾಲುವೆ, ಹಳ್ಳ, ಕುಂಟೆ, ಕರಾಬು ಜಾಗಗಳು ಸರ್ವೆ ನಂಬರಿನೊಂದಿಗೆ ಸಿಗುತ್ತವೆ. ದಿಶಾಂಕ್ ಆ್ಯಪ್ ತೆರೆದುಕೊಂಡು ಹೊಲದಲ್ಲಿ ನಿಂತರೆ ನೀವು ನಿಂತಿರುವ ಸರ್ವೆ ನಂಬರ್ ಯಾವುದೆಂದು ಅದೇ ತೋರಿಸುತ್ತದೆ. ಈ ಮೂರನ್ನೂ ಹೋಲಿಸುತ್ತಾ ಕೆರೆಯಿಂದ ಕೆರೆಗೆ ನಡೆದು, ಮೊಬೈಲಿನ ಜಿಪಿಎಸ್‌ನಲ್ಲಿ ದಾರಿಯನ್ನು ದಾಖಲಿಸಿಕೊಳ್ಳಬೇಕು. ಗ್ರಾಮ ನಕ್ಷೆಯಲ್ಲಿ ಅಗಲವಾಗಿರುವ ರಾಜಕಾಲುವೆ ನೆಲದ ಮೇಲೆ ಎರಡಡಿಯ ಚರಂಡಿಯಾಗಿರುವುದು, ಕೆಲವೆಡೆ ಲೇಔಟ್ ಒಳಗೆ ಕಾಣೆಯಾಗಿರುವುದು ನಿಮ್ಮ ಕಣ್ಣಿಗೆ ಬೀಳುವುದು ಈ ನಡಿಗೆಯಲ್ಲಿಯೇ.

ಪ್ರತಿ ಕೆರೆಯಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ: ಕೋಡಿಯ ಉದ್ದ, ಕೋಡಿಯ ಮಟ್ಟದಿಂದ ಏರಿಯ ತಲೆಯವರೆಗಿನ ಎತ್ತರ, ತೂಬಿನ ಸ್ಥಿತಿ, ಏರಿಯ ಮೇಲಿನ ಬೋಂಗಾ (ನೀರು ಸೋರುವ ರಂಧ್ರ) ಮತ್ತು ಬಿಲಗಳು. ಸೀಮೆಜಾಲಿಯ ದಪ್ಪ ಬೇರುಗಳು ಏರಿಯೊಳಗೆ ಇಳಿದಿದ್ದರೆ ಅದನ್ನೂ ಬರೆಯಿರಿ, ಏಕೆಂದರೆ ಗಿಡ ಕಡಿದ ನಂತರ ಬೇರು ಕೊಳೆತು ಆಗುವ ಪೊಳ್ಳಿನಲ್ಲಿಯೇ ನೀರು ದಾರಿ ಮಾಡಿಕೊಳ್ಳುತ್ತದೆ. ಕೆರೆ ಯಾರ ಸುಪರ್ದಿಗೆ ಸೇರಿದ್ದು ಎಂಬುದನ್ನೂ ಪಟ್ಟಿಯಲ್ಲಿ ಸೇರಿಸಬೇಕು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರುತ್ತವೆ. ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕೆಂಬ ಪ್ರಶ್ನೆ ಬಂದಾಗ ಈ ಮಾಹಿತಿ ಕೈಯಲ್ಲಿರಬೇಕು.

ಇನ್ನೊಂದು ಬದಲಾವಣೆಯನ್ನು ಗಮನದಲ್ಲಿಡುವುದು ಅಗತ್ಯ. 2018ರ ಜೂನ್‌ನಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ; ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿಯ ಇಂಥದೇ ನೀರು ಚಿಕ್ಕಬಳ್ಳಾಪುರದ ಕಡೆಗೂ, ಹೇಮಾವತಿ ನಾಲೆಯ ನೀರು ತುಮಕೂರಿನ ಕೆರೆಗಳಿಗೂ ಹರಿಯುತ್ತವೆ. ಹಿಂದೆ ಬರಿದಾಗಿ ಬಾಯಿ ತೆರೆದು ಕಾಯುತ್ತಿದ್ದ ಕೆರೆ ಮೊದಲ ಎರಡು ದೊಡ್ಡ ಮಳೆಗಳನ್ನು ತಾನೇ ನುಂಗಿಕೊಳ್ಳುತ್ತಿತ್ತು. ಈಗ ಅಕ್ಟೋಬರಿಗೆ ಮುಂಚೆಯೇ ತುಂಬಿರುವ ಕೆರೆಯಲ್ಲಿ ಮೊದಲ ದೊಡ್ಡ ಮಳೆಯೇ ಕೋಡಿಗೆ ಬರುತ್ತದೆ. ಅಂತರ್ಜಲಕ್ಕೆ ಇದು ವರವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಿರಿಯರ ನೆನಪಿನ ಲೆಕ್ಕಾಚಾರ ಇಂಥ ಕೆರೆಗಳಿಗೆ ಈಗ ಪೂರ್ತಿ ಅನ್ವಯಿಸುವುದಿಲ್ಲ.

ಎರಡನೆಯ ಹೆಜ್ಜೆ: ಎತ್ತರದ ನಕ್ಷೆ ಮತ್ತು ಜಲಾನಯನ

ನಕ್ಷೆ ತಯಾರಿಸುವ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ನೆಲದ ಎತ್ತರದ ಮಾಹಿತಿಗೆ ಇಸ್ರೋದ ಭುವನ್ ತಾಣದ ಕಾರ್ಟೋಡೆಮ್ ಅಥವಾ ಕೋಪರ್ನಿಕಸ್‌ನ 30 ಮೀಟರ್ ಎತ್ತರ ಮಾದರಿಯನ್ನು ಇಳಿಸಿಕೊಳ್ಳಬಹುದು. ತಂತ್ರಾಂಶದಲ್ಲಿ ಮೊದಲು ತಗ್ಗುಗಳನ್ನು ತುಂಬಿಸಿ, ನೀರು ಹರಿಯುವ ದಿಕ್ಕನ್ನೂ ಎಲ್ಲೆಲ್ಲಿ ಎಷ್ಟು ಬಂದು ಸೇರುತ್ತದೆಂಬುದನ್ನೂ ಲೆಕ್ಕಹಾಕಿ, ನಿಮ್ಮ ಕೆರೆಯ ಕೋಡಿಯ ಮೇಲೆ ಗುರುತಿಟ್ಟರೆ, ಆ ಕೋಡಿಗೆ ನೀರು ತರುವ ಇಡೀ ಪ್ರದೇಶದ, ಅಂದರೆ ಜಲಾನಯನದ, ಗಡಿ ಪರದೆಯ ಮೇಲೆ ಮೂಡುತ್ತದೆ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಅಳತೆಯ ವಲಯದ್ದು. 78 ಡಿಗ್ರಿ ಪೂರ್ವ ರೇಖಾಂಶ ನಮ್ಮ ಸೀಮೆಯ ನಡುವೆಯೇ ಹಾದುಹೋಗುವುದರಿಂದ ತುಮಕೂರು, ಗೌರಿಬಿದನೂರು, ಶಿಡ್ಲಘಟ್ಟ ಪಟ್ಟಣಗಳು ಯುಟಿಎಂ (ಭೂಮಿಯನ್ನು 6 ಡಿಗ್ರಿ ಅಗಲದ ಪಟ್ಟಿಗಳಾಗಿ ವಿಂಗಡಿಸಿ ಅಳೆಯುವ ಪದ್ಧತಿ) 43ನೇ ವಲಯದಲ್ಲಿಯೂ ಚಿಂತಾಮಣಿ, ಕೋಲಾರ, ಮುಳಬಾಗಿಲು 44ನೇ ವಲಯದಲ್ಲಿಯೂ ಬೀಳುತ್ತವೆ. ಸರಣಿಯ ಮೇಲಿನ ಕೆರೆ ಒಂದು ವಲಯದಲ್ಲಿ, ಕೆಳಗಿನದು ಇನ್ನೊಂದರಲ್ಲಿ ಇದ್ದಾಗ ಇಡೀ ನಕ್ಷೆಯನ್ನು ಒಂದೇ ವಲಯದಲ್ಲಿ ಇಟ್ಟುಕೊಳ್ಳದಿದ್ದರೆ ಪದರಗಳು ಒಂದರ ಮೇಲೊಂದು ಕೂರುವುದಿಲ್ಲ. ಎರಡನೆಯದು ಇದಕ್ಕಿಂತ ಗಂಭೀರವಾದದ್ದು. 30 ಮೀಟರಿನ ಒಂದು ಚೌಕಕ್ಕೆ ಮೂರು ಮೀಟರ್ ಅಗಲದ ಏರಿ ಕಾಣುವುದೇ ಇಲ್ಲ; ಹಲವು ಸಲ ಏರಿಯೇ ಇಲ್ಲವೆಂಬಂತೆ ತಂತ್ರಾಂಶ ನೀರನ್ನು ನೇರವಾಗಿ ಊರೊಳಗೆ ಹರಿಸಿಬಿಡುತ್ತದೆ. ಆದ್ದರಿಂದ ನೀವು ನಡೆದು ದಾಖಲಿಸಿದ ಹಳ್ಳದ ಗೆರೆಯನ್ನು ಎತ್ತರ ಮಾದರಿಯಲ್ಲಿ ತಗ್ಗಿಸಿ, ಏರಿಯ ಗೆರೆಯನ್ನು ಎತ್ತರಿಸಿ, ಆಮೇಲೆ ಲೆಕ್ಕವನ್ನು ಮತ್ತೊಮ್ಮೆ ನಡೆಸಬೇಕು. ನಡೆದು ನೋಡದೆ ಕುರ್ಚಿಯಲ್ಲಿ ಕುಳಿತು ತಯಾರಿಸಿದ ನಕ್ಷೆಗಳು ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಮೂರನೆಯ ಹೆಜ್ಜೆ: ಕೋಡಿಯ ಲೆಕ್ಕ

ಇಡೀ ಕೆಲಸದ ಜೀವಾಳ ಈ ಲೆಕ್ಕದಲ್ಲಿದೆ. ಶಾಲೆಯ ಗಣಿತ ಬಲ್ಲ ಯಾರೂ ಇದನ್ನು ಮಾಡಬಹುದು. ಒಂದು ಚದರ ಕಿ.ಮೀ. ನೆಲದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 10 ಲಕ್ಷ ಲೀಟರ್ ನೀರು. ನಿಮ್ಮ ಕೆರೆಯ ಜಲಾನಯನ 10 ಚದರ ಕಿ.ಮೀ. ಇದ್ದು ಒಂದು ರಾತ್ರಿ 100 ಮಿ.ಮೀ. ಸುರಿದರೆ 100 ಕೋಟಿ ಲೀಟರ್. ನೆಲ ಅದಾಗಲೇ ನೆನೆದಿರುವಾಗ ಅದರಲ್ಲಿ ನೂರಕ್ಕೆ 40 ಪಾಲು ಹರಿದುಬರುತ್ತದೆಂದು ಹಿಡಿಯೋಣ. 40 ಕೋಟಿ ಲೀಟರ್ ಆಯಿತು. ಅದು ಆರು ಗಂಟೆಗಳಲ್ಲಿ ಕೆರೆಗೆ ಇಳಿದರೆ ಸೆಕೆಂಡಿಗೆ ಸುಮಾರು 18,500 ಲೀಟರ್, ಅಂದರೆ ಸರಿಸುಮಾರು 650 ಕ್ಯೂಸೆಕ್.

ಕೆರೆ ಮೊದಲೇ ತುಂಬಿದ್ದರೆ ಇಷ್ಟೂ ನೀರು ಕೋಡಿಯ ಮೇಲೆಯೇ ಹೊರಹೋಗಬೇಕು. ಅಗಲ ತಲೆಯ ಕೋಡಿಗೆ ಬಳಸುವ ಸೂತ್ರ ಸರಳವಾದದ್ದು: ಕೋಡಿಯ ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು 1.7ರಿಂದ ಗುಣಿಸಿ, ಕೋಡಿಯ ಮೇಲಿನ ನೀರಿನ ಎತ್ತರದ ಒಂದೂವರೆ ಘಾತದಿಂದ ಮತ್ತೆ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಹೋಗುತ್ತದೆಂಬುದು ಸಿಗುತ್ತದೆ. 20 ಮೀಟರ್ ಉದ್ದದ ಕೋಡಿಯ ಮೇಲೆ ನಮ್ಮ 18.5 ಘನ ಮೀಟರ್ ಹೋಗಬೇಕಾದರೆ ನೀರು 67 ಸೆಂ.ಮೀ. ಎತ್ತರಕ್ಕೆ ಏರಬೇಕು. ಅದೇ ಕೋಡಿಯ ಅರ್ಧ ಭಾಗವನ್ನು ಹೂಳು, ಜಾಲಿ ಮತ್ತು ಯಾರೋ ಸುರಿದ ಕಟ್ಟಡದ ಅವಶೇಷ ಮುಚ್ಚಿದ್ದರೆ ನೀರು 1.06 ಮೀಟರ್ ಏರಬೇಕಾಗುತ್ತದೆ. ಕೋಡಿಯಿಂದ ಏರಿಯ ತಲೆಗೆ ಒಂದೇ ಮೀಟರ್ ಇರುವ ಕೆರೆಯಲ್ಲಿ ನೀರು ಏರಿಯ ಮೇಲೆಯೇ ಹತ್ತಿ ಹರಿಯಲು ಶುರುವಾಗುತ್ತದೆ. ಹಾಗೆ ಹತ್ತಿದ ನೀರಿನ ಎದುರು ಮಣ್ಣಿನ ಏರಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೆರೆಯ ಹರವು ಒಂದಿಷ್ಟು ನೀರನ್ನು ತಡೆದು ನಿಧಾನಿಸುವುದರಿಂದ ವಾಸ್ತವದಲ್ಲಿ ಎತ್ತರ ಇದಕ್ಕಿಂತ ಕೊಂಚ ಕಡಿಮೆಯಿರಬಹುದು, ಆದರೂ ಅಪಾಯದ ಅಂದಾಜಿಗೆ ಈ ಲೆಕ್ಕ ಸಾಕು. ಮೀನು ಹೊರಹೋಗದಂತೆ ಕೋಡಿಗೆ ಬಲೆ ಕಟ್ಟುವುದು, ಹೆಚ್ಚು ನೀರು ನಿಲ್ಲಲೆಂದು ಕೋಡಿಯ ಮೇಲೆ ಮರಳು ಚೀಲ ಇಡುವುದು ಎಷ್ಟು ಅಪಾಯಕಾರಿ ಎಂಬುದನ್ನು ಗ್ರಾಮಸಭೆಯಲ್ಲಿ ವಿವರಿಸಲು ನಾನು ಈ ಎರಡು ಅಂಕಿಗಳನ್ನೇ ಹಲಗೆಯ ಮೇಲೆ ಬರೆಯುತ್ತೇನೆ. ಎರಡು ಗಂಟೆ ಭಾಷಣ ಮಾಡಿದರೂ ಆಗದ ಕೆಲಸ ಅದರಿಂದ ಆಗಿದೆ.

ನೀರು ಎಷ್ಟು ಹೊತ್ತಿಗೆ ತಲುಪುತ್ತದೆಂಬುದಕ್ಕೂ ಒಂದು ಅಂದಾಜು ಇದೆ. ಕಿರ್ಪಿಚ್ ಸೂತ್ರದ ಪ್ರಕಾರ ನಾಲ್ಕು ಕಿ.ಮೀ. ಉದ್ದದ, ನೂರು ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ಹಳ್ಳದಲ್ಲಿ ತುದಿಯಿಂದ ನೀರು ಬಂದು ಮುಟ್ಟಲು 70 ನಿಮಿಷದ ಆಸುಪಾಸು ಬೇಕು. ನಂದಿ ಬೆಟ್ಟದ ಅಥವಾ ದೇವರಾಯನದುರ್ಗದ ಬುಡದಲ್ಲಿ ಇಳಿಜಾರು ಕಡಿದಾಗಿರುವುದರಿಂದ ಕಾಲ ಇನ್ನೂ ಕಡಿಮೆಯಾಗುತ್ತದೆ. ನಿಮ್ಮ ಸರಣಿಯ ಪ್ರತಿ ಎರಡು ಕೆರೆಗಳ ನಡುವಿನ ಕಾಲವನ್ನು ಹೀಗೆ ಲೆಕ್ಕಹಾಕಿ ನಕ್ಷೆಯ ಮೇಲೆ ಬರೆಯಿರಿ.

ನಾಲ್ಕನೆಯ ಹೆಜ್ಜೆ: ಹಿಂದಿನ ನೆರೆಯ ಗುರುತುಗಳು

ಮೋಡ ಕವಿದ ದಿನ ಸಾಮಾನ್ಯ ಉಪಗ್ರಹ ಚಿತ್ರ ಕೆಲಸಕ್ಕೆ ಬಾರದು. ಯುರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಮೋಡವನ್ನು ಹಾಯ್ದು ನೋಡುತ್ತದೆ. ಅದರ ಚಿತ್ರದಲ್ಲಿ ನಿಂತ ನೀರು ಕಪ್ಪಾಗಿ ಕಾಣುತ್ತದೆ. ಉಪಗ್ರಹ ಚಿತ್ರಗಳ ತಾಣವಾದ ಗೂಗಲ್ ಅರ್ತ್ ಎಂಜಿನ್‌ನಲ್ಲಿ 2021ರ ಅಕ್ಟೋಬರ್ ಮತ್ತು ನವೆಂಬರ್ ಅಂತ್ಯದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಕೆರೆ ಹೊಸದಾಗಿ ತುಂಬಿತು, ಯಾವ ಅಚ್ಚುಕಟ್ಟಿನಲ್ಲಿ ನೀರು ನಿಂತಿತು ಎಂಬುದು ತಿಳಿಯುತ್ತದೆ. ಆದರೆ ಒಂದು ಉಪಗ್ರಹ ಅದೇ ಜಾಗಕ್ಕೆ ಮರಳುವುದು 12 ದಿನಗಳಿಗೊಮ್ಮೆ. ನಮ್ಮ ಹಳ್ಳಗಳ ನೆರೆ ಕೆಲವೇ ಗಂಟೆಗಳಲ್ಲಿ ಇಳಿದುಬಿಡುತ್ತದೆ. ಉಪಗ್ರಹದಲ್ಲಿ ಕಾಣಲಿಲ್ಲವೆಂದು ಅಲ್ಲಿ ನೆರೆ ಬರಲಿಲ್ಲವೆನ್ನುವಂತಿಲ್ಲ.

ಆ ಕೊರತೆಯನ್ನು ತುಂಬುವುದು ಗೋಡೆಯ ಮೇಲಿನ ಕಲೆ. ಮನೆಮನೆಗೆ ಹೋಗಿ ‘ನೀರು ಎಲ್ಲಿಯವರೆಗೆ ಬಂದಿತ್ತು?’ ಎಂದು ಕೇಳಿ, ಅವರು ತೋರಿಸಿದ ಎತ್ತರವನ್ನು ಟೇಪಿನಿಂದ ಅಳೆದು, ಫೋಟೊ ತೆಗೆದು, ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಸಿ. ನಮ್ಮೂರಿನ ಒಂದು ರೇಷ್ಮೆ ಹುಳು ಸಾಕಣೆ ಮನೆಯಲ್ಲಿ ಹುಳುವಿನ ಸ್ಟ್ಯಾಂಡಿನ ಕೆಳಗಿನ ಎರಡು ಅಟ್ಟಣಿಗೆಗಳ ಬಿದಿರು ಮಾತ್ರ ಬಣ್ಣಗೆಟ್ಟಿತ್ತು, ಮೂರನೆಯದು ಹೊಸದರಂತಿತ್ತು. ಯಾವ ಉಪಕರಣವೂ ಕೊಡದಷ್ಟು ಖಚಿತವಾದ ಅಳತೆ ಅದಾಗಿತ್ತು.

ಐದನೆಯ ಹೆಜ್ಜೆ: ಜನ ಓದಬಲ್ಲ ನಕ್ಷೆ

ಹಳ್ಳದ ತಳದಿಂದ ಪ್ರತಿ ಜಾಗ ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕಕ್ಕೆ ಗೋಡೆಯ ಗುರುತುಗಳನ್ನು ಹೊಂದಿಸಿ ಊರನ್ನು ಮೂರು ಬಣ್ಣಗಳಲ್ಲಿ ವಿಂಗಡಿಸಿ: ಕೋಡಿ ಹರಿದರೆ ಸಾಕು ನೀರು ಬರುವ ಜಾಗ, ಕೋಡಿಯ ಮೇಲೆ ಎರಡಡಿ ಹರಿದರೆ ನೀರು ಬರುವ ಜಾಗ, ಏರಿ ಒಡೆದರೆ ಮಾತ್ರ ನೀರು ಬರುವ ಜಾಗ. ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂಬ ಮಾತನ್ನು ನಕ್ಷೆಯಲ್ಲಿ ಬರೆಯಬೇಡಿ; ಅದನ್ನು ಓದಿದವರು ಇನ್ನು ತೊಂಬತ್ತು ವರ್ಷ ಚಿಂತೆಯಿಲ್ಲವೆಂದೇ ತಿಳಿಯುತ್ತಾರೆ. ನಡೆದುಹೋಗಲು ಒಣ ದಾರಿ, ನೀರು ಹತ್ತುವ ಸೇತುವೆ, ಟ್ರಾನ್ಸ್‌ಫಾರ್ಮರ್, ಪಂಪ್‌ಸೆಟ್ ಸ್ಟಾರ್ಟರ್ ಪೆಟ್ಟಿಗೆಗಳು, ಒಂಟಿಯಾಗಿರುವ ವೃದ್ಧರ ಮತ್ತು ಅಂಗವಿಕಲರ ಮನೆಗಳು, ತಗ್ಗಿನಲ್ಲಿರುವ ದನದ ಕೊಟ್ಟಿಗೆಗಳು ನಕ್ಷೆಯಲ್ಲಿ ಇರಲೇಬೇಕು. ಅದನ್ನು ದೊಡ್ಡದಾಗಿ ಮುದ್ರಿಸಿ ಹಾಲಿನ ಡೈರಿಯ ಗೋಡೆಗೆ ಹಾಕಿ. ದಿನಕ್ಕೆ ಎರಡು ಸಲ ಊರಿನ ಬಹುತೇಕ ಎಲ್ಲ ಮನೆಯವರೂ ಬಂದು ನಿಲ್ಲುವ ಜಾಗ ನಮ್ಮ ಜಿಲ್ಲೆಗಳಲ್ಲಿ ಅದೊಂದೇ.

ಆರನೆಯ ಹೆಜ್ಜೆ: ಮಳೆಯ ಮೇಲೆ ಕಣ್ಣು

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಮಾಪಕ ಮಳೆಮಾಪನಗಳನ್ನು ಇರಿಸಿದ್ದು, ಅವು 15 ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುತ್ತವೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಈ ಸಂಸ್ಥೆಯ ‘ವರುಣ ಮಿತ್ರ’ ಸಹಾಯವಾಣಿಯಲ್ಲಿಯೂ ಮಳೆಯ ವಿವರ ಕೇಳಬಹುದು. ಹೆಚ್ಚಿನವರು ಇಲ್ಲಿ ತಮ್ಮ ಪಂಚಾಯಿತಿಯ ಮಳೆಯನ್ನು ನೋಡಿ ಸುಮ್ಮನಾಗುತ್ತಾರೆ. ನೀವು ನೋಡಬೇಕಾದದ್ದು ಎರಡನೆಯ ಹೆಜ್ಜೆಯಲ್ಲಿ ಗುರುತಿಸಿದ ಜಲಾನಯನದ ಮೇಲ್ಭಾಗದ ಪಂಚಾಯಿತಿಗಳ ಮಳೆಯನ್ನು. ಅದು ಬೇರೆ ತಾಲ್ಲೂಕಿನದ್ದೂ ಆಗಿರಬಹುದು. ಯಂತ್ರ ಕೆಟ್ಟಾಗ ನೆರವಾಗಲೆಂದು ಬದಿ ನೇರವಾಗಿರುವ, ಸಪಾಟು ತಳದ ಒಂದು ಡಬ್ಬವನ್ನು ಮೇಲಿನ ಊರಿನ ಬಯಲಿನಲ್ಲಿ ಇರಿಸಿ, ಒಳಗೆ ಸ್ಕೇಲ್ ಅಂಟಿಸಿ. ಅದರಲ್ಲಿ ನಿಂತ ನೀರಿನ ಎತ್ತರವೇ ಮಳೆಯ ಮಿ.ಮೀ. ಆಗಿರುತ್ತದೆ.

ಭಾರತ ಹವಾಮಾನ ಇಲಾಖೆಯ ಭಾಷೆಯನ್ನೂ ತಿಳಿದಿರಬೇಕು. 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಆದರೆ ಭಾರಿ ಮಳೆ, 115.6ರಿಂದ 204.4 ಅತಿ ಭಾರಿ, ಅದಕ್ಕೂ ಮೀರಿದರೆ ಅತ್ಯಂತ ಭಾರಿ ಮಳೆ. ಹಳದಿ ಬಣ್ಣದ ಎಚ್ಚರಿಕೆ ಬಂದರೆ ಗಮನಿಸುತ್ತಿರಿ, ಕಿತ್ತಳೆ ಬಂದರೆ ಸಿದ್ಧರಾಗಿರಿ, ಕೆಂಪು ಬಂದರೆ ಕ್ರಮ ಕೈಗೊಳ್ಳಿ ಎಂದರ್ಥ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್‌ನಲ್ಲಿ ಈ ಎಚ್ಚರಿಕೆಗಳು ಬರುತ್ತವೆ. ಕೇಂದ್ರ ಜಲ ಆಯೋಗದ ‘ಫ್ಲಡ್‌ವಾಚ್ ಇಂಡಿಯಾ’ದಂಥ ಆ್ಯಪ್‌ಗಳು ಮುಖ್ಯವಾಗಿ ದೊಡ್ಡ ನದಿಗಳಿಗೆ ಸಂಬಂಧಿಸಿದವು, ನಮ್ಮ ಕೆರೆ ಸರಣಿಗಳನ್ನು ಅವುಗಳಲ್ಲಿ ಹುಡುಕಿ ಫಲವಿಲ್ಲ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಚೆನ್ನೈ, ನೆಲ್ಲೂರು ಕರಾವಳಿಯತ್ತ ವಾಯುಭಾರ ಕುಸಿತ ಸಾಗುತ್ತಿದೆ ಎಂಬ ಸುದ್ದಿ ಬಂದರೆ ಅದು ನಮ್ಮ ಸುದ್ದಿಯೂ ಹೌದು.

ಜಿಲ್ಲೆಗೆಲ್ಲ ಒಂದೇ ಬಣ್ಣ ಕೊಡುವ ಮುನ್ಸೂಚನೆಯನ್ನು ನಿಮ್ಮ ಕೆರೆಗೆ ಹೊಂದಿಸಿಕೊಳ್ಳುವುದು ನಿಮ್ಮದೇ ಕೆಲಸ. ನಾವು ಇಟ್ಟುಕೊಂಡಿರುವ ಗುರುತು ಹೀಗಿದೆ: ಮೇಲಿನ ಕೆರೆ ಅರ್ಧಕ್ಕಿಂತ ಕಡಿಮೆಯಿದ್ದರೆ ಕಿತ್ತಳೆ ಎಚ್ಚರಿಕೆ ಬರುವವರೆಗೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ; ಕೋಡಿಗೆ ಒಂದಡಿ ಬಾಕಿಯಿದ್ದರೆ ಮೂರು ಗಂಟೆಗಳಲ್ಲಿ 30 ಮಿ.ಮೀ. ಆದ ಕೂಡಲೇ ಒಬ್ಬರು ಏರಿಗೆ ಹೋಗುತ್ತಾರೆ. ಎರಡು ಮಳೆಗಾಲ ನೋಡಿ ಈ ಅಂಕಿಗಳನ್ನು ತಿದ್ದಿದ್ದೇವೆ. ನೀವೂ ನಿಮ್ಮ ಕೆರೆ ನೋಡಿಯೇ ತಿದ್ದಿಕೊಳ್ಳಬೇಕು.

ಏಳನೆಯ ಹೆಜ್ಜೆ: ಮೇಲಿನ ಕೆರೆಯ ನೀರಿನ ಮಟ್ಟ

ತೂಬಿನ ಕಲ್ಲಿನ ಮೇಲೆ ಕೋಡಿಯ ಮಟ್ಟವನ್ನು ಸೊನ್ನೆಯಾಗಿಟ್ಟು ಮೇಲಕ್ಕೂ ಕೆಳಕ್ಕೂ ಹತ್ತು ಹತ್ತು ಸೆಂ.ಮೀ.ಗೆ ಹಳದಿ, ಕಪ್ಪು ಪಟ್ಟಿ ಬಳಿಯುವುದು ಮೊದಲ ಕೆಲಸ. ಟಾರ್ಚ್ ಬೆಳಕಿನಲ್ಲಿ ದೂರದಿಂದಲೇ ಓದುವಷ್ಟು ದೊಡ್ಡ ಅಂಕಿಗಳಿರಲಿ. ಹಣವಿದ್ದರೆ ಅಲ್ಟ್ರಾಸಾನಿಕ್ ಸೆನ್ಸರ್, ಸಿಮ್ ಮತ್ತು ಚಿಕ್ಕ ಸೋಲಾರ್ ಫಲಕ ಜೋಡಿಸಿ ಮಟ್ಟವನ್ನು ಮೊಬೈಲಿಗೆ ತರಿಸಿಕೊಳ್ಳಬಹುದು. ಅಗ್ಗದ ಸೆನ್ಸರುಗಳು ನಾಲ್ಕೂವರೆ ಮೀಟರ್ ದೂರದವರೆಗೆ ಓದುತ್ತವೆ, ಆದರೆ ತಮಗೆ ಒಂದಡಿಗಿಂತ ಹತ್ತಿರ ಬಂದ ನೀರನ್ನು ಸರಿಯಾಗಿ ಅಳೆಯುವುದಿಲ್ಲ. ಆದ್ದರಿಂದ ಏರಿಯ ತಲೆಗಿಂತಲೂ ಎರಡಡಿ ಮೇಲೆ ಅವನ್ನು ಕಟ್ಟಬೇಕು. ಅವುಗಳ ಬಾಯಿಗೆ ಜೇಡ ಬಲೆ ನೇಯ್ದರೂ ಓದು ತಪ್ಪುತ್ತದೆ. ಹದಿನೈದು ದಿನಕ್ಕೊಮ್ಮೆ ಒರೆಸುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಸೆನ್ಸರ್ ಇದ್ದರೂ ಬಣ್ಣದ ಪಟ್ಟಿ ಇರಲೇಬೇಕು, ಅದನ್ನು ನೋಡಿಬರುವ ನೀರುಗಂಟಿಯೂ ಇರಲೇಬೇಕು.

ಎಂಟನೆಯ ಹೆಜ್ಜೆ: ಸುದ್ದಿಯ ಸರಪಳಿ

ಮೇಲಿನ ಊರಿನ ಮೂವರು, ಕೆಳಗಿನ ಊರಿನ ಮೂವರು ಪರಸ್ಪರ ನಂಬರ್ ಇಟ್ಟುಕೊಂಡು, ರಾತ್ರಿ ಫೋನ್ ಮೌನಕ್ಕೆ ಹಾಕದಿರಲು ಒಪ್ಪಿಕೊಳ್ಳಬೇಕು. ಮಧ್ಯರಾತ್ರಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಸಂದೇಶ ಎಚ್ಚರಿಕೆಯಾಗದು. ಕರೆ ಮಾಡಬೇಕು, ಎತ್ತಿದವರ ಬಾಯಿಂದ ‘ತಿಳಿಯಿತು’ ಎಂಬ ಮಾತು ಕೇಳಬೇಕು. ಕರೆಂಟ್ ಹೋಗಿ ಟವರ್ ನಿಂತರೆ ಬೈಕಿನಲ್ಲಿ ಹೋಗುವವರು ಯಾರು, ಅವರು ಹಳ್ಳ ದಾಟದೆ ಬರುವ ದಾರಿ ಯಾವುದು ಎಂಬುದೂ ಮೊದಲೇ ನಿಗದಿಯಾಗಿರಲಿ. ಊರೊಳಗೆ ಗುಡಿ, ಮಸೀದಿ, ಚರ್ಚುಗಳ ಮೈಕು ಇದೆ. ಮೈಕು ಇಲ್ಲದಾಗ ತಮಟೆ ಇದೆ.

ಹೇಳುವ ಮಾತು ಎಲ್ಲರಿಗೂ ಒಂದೇ ಅರ್ಥ ಕೊಡಬೇಕು. ‘ಕಟ್ಟೆಚ್ಚರದಿಂದಿರಿ’ ಎಂದರೆ ಯಾರೂ ಏಳುವುದಿಲ್ಲ. ‘ಮೇಲಿನ ಕೆರೆ ಕೋಡಿಯ ಮೇಲೆ ಎರಡಡಿ ನೀರು ಹೋಗುತ್ತಿದೆ. ಒಂದು ಗಂಟೆಯಲ್ಲಿ ಹಳ್ಳದ ಬೀದಿಗೆ ನೀರು ಬರುತ್ತದೆ. ಕೆಂಪು ಗುರುತಿನ ಮನೆಯವರು ಈಗಲೇ ಶಾಲೆಗೆ ಹೊರಡಿ. ದನದ ಹಗ್ಗ ಬಿಚ್ಚಿ. ಸ್ಟಾರ್ಟರ್ ಪೆಟ್ಟಿಗೆ ಮುಟ್ಟಬೇಡಿ.’ ಇಷ್ಟನ್ನು ಮೂರು ಸಲ ಹೇಳಿದರೆ ಸಾಕು. ಅದೇ ಹೊತ್ತಿಗೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೂ, ಜೀವಾಪಾಯವಿದ್ದರೆ 112ಕ್ಕೂ ಕರೆ ಹೋಗಬೇಕು. ವಿದ್ಯುತ್ ಕಡಿತಕ್ಕೆ ಲೈನ್‌ಮನ್‌ಗೆ ತಿಳಿಸಬೇಕು. ಒತ್ತಡ ಇಳಿಸಲೆಂದು ಯಾರೂ ತಾವಾಗಿ ಕೋಡಿಯನ್ನಾಗಲಿ ಏರಿಯನ್ನಾಗಲಿ ಒಡೆಯಬಾರದು. ನಿಮ್ಮೂರು ಉಳಿಯಿತೆಂದುಕೊಳ್ಳುವಷ್ಟರಲ್ಲಿ ಆ ನೀರು ಕೆಳಗಿನ ಊರಿನ ಮಕ್ಕಳು ಮಲಗಿರುವ ಮನೆಯ ಬಾಗಿಲಿಗೆ ಬಂದಿರುತ್ತದೆ. ಹಾಗೆ ಮಾಡಬೇಕಾದ ಪರಿಸ್ಥಿತಿ ಬಂದರೆ ತೀರ್ಮಾನ ಇಲಾಖೆಯ ಎಂಜಿನಿಯರ್‌ಗೆ ಬಿಟ್ಟದ್ದು, ಅದೂ ಕೆಳಗಿನವರಿಗೆ ತಿಳಿಸಿದ ಮೇಲೆ.

ಈ ಸರಪಳಿಯನ್ನು ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ ಉತ್ತರೆ ಮಳೆ ಹಿಡಿಯುವ ಮೊದಲು, ರಾತ್ರಿ ಹೊತ್ತಿನಲ್ಲಿಯೇ ಪರೀಕ್ಷಿಸಿ. ಹಗಲಿನಲ್ಲಿ ಮಾಡಿದ ಅಭ್ಯಾಸದಲ್ಲಿ ನಮ್ಮ ಕರೆಗಳೆಲ್ಲ ಹತ್ತು ನಿಮಿಷದಲ್ಲಿ ಮುಟ್ಟಿದವು. ರಾತ್ರಿ ಮಾಡಿದಾಗ ಆರು ಜನರಲ್ಲಿ ಇಬ್ಬರ ನಂಬರ್ ಬದಲಾಗಿತ್ತು, ಮೈಕಿನ ಕೋಣೆಯ ಬೀಗದ ಕೈ ಪೂಜಾರಿಯವರೊಂದಿಗೆ ಪಕ್ಕದೂರಿಗೆ ಹೋಗಿತ್ತು. ಈಗ ಎರಡನೆಯ ಬೀಗದ ಕೈ ಹಾಲಿನ ಡೈರಿಯಲ್ಲಿ, ನಕ್ಷೆಯ ಪಕ್ಕದ ಮೊಳೆಗೆ ತೂಗುಹಾಕಿದೆ.